ಹೇಳದೆ ಹೋದ ಪ್ರೇಕ್ಷಕರು

ಒಗೆದ ಚಾದರವನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು ಹಿಂಡುವುದು ದಾಂಪತ್ಯದ ನಿಜವಾದ ಪರೀಕ್ಷೆ ಎಂದು ನನ್ನ ಅಭಿಪ್ರಾಯ. ಒಬ್ಬರು ಒಂದು ದಿಕ್ಕಿಗೆ ತಿರುವಿದರೆ ಇನ್ನೊಬ್ಬರು ಅದರ ವಿರುದ್ಧ ದಿಕ್ಕಿಗೆ ತಿರುವಬೇಕು. ವಿರುದ್ಧ ದಿಕ್ಕಿಗೆ ಹೋಗುವುದರಲ್ಲಿ ನಮ್ಮಿಬ್ಬರದೂ ಪಳಗಿದ ಕೈ, ಹಾಗಾಗಿ ನಮ್ಮ ಮನೆಯ ಚಾದರಗಳು ಬೇಗ ಒಣಗುತ್ತವೆ. ಮೊನ್ನೆ ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಅಂಗೈಯಗಲದ ಬಾಲ್ಕನಿಯಲ್ಲಿ ಒಂದು ಬಿಳಿ ಚಾದರವನ್ನು ಹೀಗೆ ಹಿಂಡುತ್ತಿದ್ದಾಗ ನಮ್ಮನೆಯವರು ಅದರ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಈ ಕಲೆ ಹೋತೇ ಇಲ್ಲ ಕಾಣ್, ಮಾರಾಯ್ತಿ.”

“ಹೋಪುದೂ ಬ್ಯಾಡ,” ಎಂದೆ.

ಕಲೆ ಹೋಗುವುದು ಬೇಡ ಎನ್ನುವ ಗೃಹಿಣಿಯನ್ನು ನೀವು ಇದುವರೆಗೆ ಕಂಡಿರಲಾರಿರಿ. ನನಗೂ ಅದಕ್ಕೊಂದು ಕಾರಣವಿದೆ. ಹೇಳುತ್ತೇನೆ, ಆದರೆ ಮೊದಲು ಈ ಚಾದರದ ಕುಲಗೋತ್ರ ಹೇಳಬೇಕು.

ಇದು ನನ್ನ ಮದುವೆಯಲ್ಲಿ ಸೋದರಮಾವ ಕೊಟ್ಟ ಉಡುಗೊರೆ. ಹುಡುಗ ಮುಂಬೈ ಕಡೆ ಹೋಟೆಲಿನಲ್ಲಿದ್ದಾನೆ ಎಂದಾಗ ಕುಂದಾಪುರದಲ್ಲಿದ್ದ ಮಾವನ ಕಣ್ಣಿಗೆ ಏನೇನು ಕಂಡಿತೋ, ಅಂಗಡಿಯಲ್ಲಿ ಇದ್ದುದರಲ್ಲೇ ದೊಡ್ಡ ಚಾದರ ತಂದು ಕೊಟ್ಟರು. ನಾನು ಬಂದು ಇಳಿದದ್ದು ಕಲ್ಯಾಣದ ಚಾಳಿನ ಒಂದು ಖೋಲಿಗೆ. ಅಲ್ಲಿ ಮಂಚ ಹೋಗಲಿ, ಮಂಚದ ಕಾಲು ಊರಲೂ ಜಾಗವಿರಲಿಲ್ಲ. ರಾತ್ರಿ ಹಾಸಿಗೆ ಬಿಡಿಸಿದರೆ ನಾವಿಬ್ಬರು, ಇಬ್ಬರು ಮೈದುನರು, ಊರಿಂದ ಕೆಲಸ ಹುಡುಕಿಕೊಂಡು ಬಂದ ಯಾರಾದರೊಬ್ಬರು, ಕೊನೆಗೆ ಗ್ಯಾಸಿನ ಸಿಲಿಂಡರು, ಎಲ್ಲರೂ ಸಾಲಾಗಿ ಮಲಗುತ್ತಿದ್ದೆವು. ಚಾದರ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಸಂಸಾರ ಮಾಡಿತು. ವರ್ಷಗಳಾದ ಮೇಲೆ ಡೊಂಬಿವಲಿಯಲ್ಲಿ ಸ್ವಂತ ಮನೆಯಾಗಿ, ಮಂಚವೂ ಬಂದಾಗ ಹಾಸಿ ನೋಡಿದರೆ ಎರಡೂ ಕಡೆ ನೆಲಕ್ಕೆ ತಾಗುತ್ತಿತ್ತು. ಮಾವನ ಕಲ್ಪನೆ ನಮ್ಮ ಮಂಚಕ್ಕಿಂತ ದೊಡ್ಡದಿತ್ತು. ಮಡಚಿ ಮತ್ತೆ ಟ್ರಂಕಿಗೆ ಹಾಕಿದೆ.

ಅದು ಹೊರಗೆ ಬಂದದ್ದು ನಮ್ಮ ಕನ್ನಡ ಸಂಘದ ದೆಸೆಯಿಂದ. ಸಂಘದ ಹಾಲು ನಮ್ಮ ಸೊಸೈಟಿಯಿಂದ ಒಂದು ಗಲ್ಲಿ ಆಚೆ. ಮೊದಲು ಅಲ್ಲಿ ವರ್ಷಕ್ಕೆರಡು ನಾಟಕವಾಗುತ್ತಿತ್ತು. ಬರಬರುತ್ತ ನಟರಿಗೆಲ್ಲ ಮಂಡಿನೋವು ಬಂತು. ಸಿಂಹಾಸನದಲ್ಲಿ ಕುಳಿತ ರಾಜನನ್ನು ಎಬ್ಬಿಸಲು ಇಬ್ಬರು ಸೇವಕರು ಬೇಕಾಯಿತು. ಸಾಲುಗಳನ್ನು ಮರೆಯಲ್ಲಿ ಹೇಳಿಕೊಡುವವರ ದನಿ ಪಾತ್ರಧಾರಿಗಳ ದನಿಗಿಂತ ಜೋರಾಗಿ ಕೇಳತೊಡಗಿತು. ಆಗ ನಮ್ಮನೆಯವರು, ಥಾಣೆ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದವರು, ಸಭೆಯಲ್ಲಿ ಎದ್ದು ನಿಂತು ಸಾಕ್ಷ್ಯಚಿತ್ರ ತೋರಿಸೋಣ ಎಂದರು. ಯಾರೂ ವಿರೋಧಿಸಲಿಲ್ಲ. ವಿರೋಧಿಸಿದರೆ ನಾಟಕದಲ್ಲಿ ಪಾತ್ರ ಮಾಡಬೇಕಾದೀತೆಂಬ ಭಯ.

ನಮ್ಮನೆಯವರಿಗೆ ಸಾಕ್ಷ್ಯಚಿತ್ರದ ಹುಚ್ಚು ಹೇಗೆ ಹಿಡಿಯಿತೆಂದರೆ, ಅವರಿಗೆ ಕತೆಯ ಸಿನಿಮಾ ಆಗಿಬರುವುದಿಲ್ಲ. ನಾಯಕ ನಾಯಕಿಯನ್ನು ಕಣ್ಣೆತ್ತಿ ನೋಡುವಷ್ಟರಲ್ಲಿ ಇವರ ಗೊರಕೆ ಶುರು. ಕೇಳಿದರೆ, “ಅದ್ ಎಲ್ಲಾ ಸುಳ್ಳಲ್ದಾ? ಸುಳ್ಳ್ ಕಾಂಬುಕೆ ಎಚ್ಚರ ಎಂತಕ್ಕ್ ಬೇಕ್?” ಎನ್ನುತ್ತಾರೆ. ಅದೇ ಯಾರೋ ಮುದುಕ ಬೋಳುಗುಡ್ಡದಲ್ಲಿ ಗಿಡ ನೆಟ್ಟದ್ದು, ಯಾರೋ ಹೆಂಗಸು ಹೆಣಗಳಿಗೆ ಸಂಸ್ಕಾರ ಮಾಡಿದ್ದು, ಯಾವುದೋ ಊರಿನ ಜನ ಹೊಳೆಗೆ ತಾವೇ ಸೇತುವೆ ಕಟ್ಟಿಕೊಂಡದ್ದು, ಇಂಥದ್ದಾದರೆ ಕಣ್ಣು ಮಿಟುಕಿಸದೆ ನೋಡುತ್ತಾರೆ. ಹಿನ್ನೆಲೆಯಲ್ಲಿ ವಿವರಣೆ ಹೇಳುವವರ ದನಿ ಹೆಚ್ಚಾಗಿ ನಮ್ಮ ಲೋಕಲ್ ಟ್ರೇನಿನ ‘ಮುಂದಿನ ಸ್ಟೇಷನ್ ಕಲ್ವಾ’ ಎಂಬ ದನಿಯಂತೆಯೇ ಇರುತ್ತದೆ. ಅದೂ ಅವರಿಗೆ ಪ್ರಿಯವೇ.

ಪ್ರೊಜೆಕ್ಟರನ್ನು ಸದಸ್ಯರೊಬ್ಬರು ತಮ್ಮ ಆಫೀಸಿನಿಂದ ತಂದುಕೊಟ್ಟರು. ಪರದೆ ಇರಲಿಲ್ಲ. ನನ್ನ ಟ್ರಂಕು ತೆರೆಯಿತು. ಮೊದಲ ಪ್ರದರ್ಶನದ ದಿನ ಚಾದರ ಕಟ್ಟಿದ್ದು ಊಟದ ಹಾಲಿನಲ್ಲಿ, ಬಡಿಸುವವರ ದಾರಿಯ ಮಧ್ಯೆ. ಸಾಂಬಾರಿನ ಬಕೆಟ್ಟು ಹಿಡಿದು ಬಂದ ನಮ್ಮನೆಯವರು ಚಿತ್ರ ನೋಡುತ್ತ ನಡೆದರೇ ಹೊರತು ದಾರಿ ನೋಡಲಿಲ್ಲ. ಹೋಟೆಲಿನ ಸಾಂಬಾರು ಮಾಡಿದವರ ಕೈಯ ಅರಸಿನ, ಕೇಳಬೇಕೆ! ಬೋಗುಣಿಯಗಲದ ಹಳದಿ ಕಲೆ ಬಲಗಡೆಯಲ್ಲಿ ನಿಂತುಬಿಟ್ಟಿತು. ಅಂದಿನಿಂದ ನಾವು ನೋಡಿದ ಮಹನೀಯರೆಲ್ಲ ಆ ಕಲೆಯನ್ನು ಒಮ್ಮೆ ಧರಿಸಿದವರೇ. ಒಬ್ಬ ಡಾಕ್ಟರಿಗೆ ಅದು ಕೋಟಿನ ಜೇಬಿನ ಮೇಲೆ ಬಂತು, ಒಬ್ಬ ಕುಸ್ತಿಪಟುವಿಗೆ ತೊಡೆಯ ಮೇಲೆ. ಅಧ್ಯಕ್ಷರು ಹೊಸ ಪರದೆ ತರಿಸೋಣವೆಂದು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಪ್ರತಿ ಸಭೆಯಲ್ಲೂ ಅದು ಸರ್ವಾನುಮತದಿಂದ ಮುಂದಕ್ಕೆ ಹೋಗುತ್ತದೆ.

ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನಮ್ಮ ಪ್ರದರ್ಶನ. ಬರುವವರಲ್ಲಿ ಅರ್ಧ ನಮ್ಮ ಕರಾವಳಿಯ ಹೋಟೆಲಿನವರು, ಅರ್ಧ ಕಲಬುರಗಿ ವಿಜಯಪುರ ಕಡೆಯಿಂದ ಬಂದು ವಾಗ್ಳೆ ಎಸ್ಟೇಟಿನಲ್ಲೋ ಮುಂಬ್ರಾದ ಕಟ್ಟಡಗಳಲ್ಲೋ ದುಡಿಯುವವರು. ಚಿತ್ರದ ನಂತರ ಬಿಸಿಬಿಸಿ ಗೋಳಿಬಜೆ, ಚಹಾ. ಎಷ್ಟು ಜನ ಚಿತ್ರಕ್ಕಾಗಿ ಬರುತ್ತಾರೆ, ಎಷ್ಟು ಜನ ಗೋಳಿಬಜೆಗಾಗಿ ಬರುತ್ತಾರೆ ಎಂಬುದನ್ನು ನಾವು ಕೆದಕಲು ಹೋಗುವುದಿಲ್ಲ. ನೋಡುತ್ತ ಸುಮ್ಮನೆ ಕೂರುವ ಪದ್ಧತಿಯೂ ಇಲ್ಲ. ಅನಾಥ ಮಕ್ಕಳನ್ನು ಸಾಕಿದ ಮಹಾತಾಯಿ ಪರದೆಯ ಮೇಲೆ ಮಾತಾಡುತ್ತಿದ್ದರೆ ಹಿಂದಿನಿಂದ ಯಾರೋ, “ಇವ್ಳಿಗೆ ಮದಿ ಆಯ್ತಾ ಇಲ್ಯಾ?” ಎಂದು ಕೇಳಿಯೇ ಕೇಳುತ್ತಾರೆ. ಮುಂದಿನಿಂದ ಯಾರೋ ಉತ್ತರವನ್ನೂ ಕೊಡುತ್ತಾರೆ.

ಇದು ನಮಗೆ ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಆರೋಗ್ಯ ಇಲಾಖೆಯ ವ್ಯಾನು ಬಂದು ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿ ಸೊಳ್ಳೆ, ಸಿಡುಬು, ಸಣ್ಣ ಸಂಸಾರ ಎಂದೆಲ್ಲ ಚಿತ್ರ ತೋರಿಸುತ್ತಿತ್ತು. ಬೇಗ ಹೋದವರು ಪರದೆಯ ಮುಂದೆ, ತಡವಾಗಿ ಹೋದವರು ಹಿಂದೆ. ನಮ್ಮದು ಯಾವತ್ತೂ ಹಿಂದೆಯೇ, ಯಾಕೆಂದರೆ ನಮ್ಮ ಅಮ್ಮಮ್ಮ ಹಟ್ಟಿಯ ಕೆಲಸ ಮುಗಿಸದೆ ಹೊರಡುವವಳಲ್ಲ. ಹಿಂದಿನಿಂದ ಎಲ್ಲವೂ ಉಲ್ಟಾ. ಬಹಳ ದಿನ ನಾನು ಮಂತ್ರಿಗಳೆಲ್ಲ ಎಡಗೈಯಲ್ಲೇ ರುಜು ಹಾಕುತ್ತಾರೆ ಎಂದುಕೊಂಡಿದ್ದೆ. ಅಮ್ಮಮ್ಮನಿಗೆ ಪರದೆಯ ಮೇಲಿನವರು ಎದುರಿಗೇ ಇರುವ ಜನ. ಮಂತ್ರಿ ಈ ಕಡೆ ತಿರುಗಿದರೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಲಸಿಕೆಗಾಗಿ ಸಾಲಿನಲ್ಲಿ ನಿಂತ ಮಗುವನ್ನು ನೋಡಿ, “ಪಾಪ, ಆಗಳಿಂದ ನಿಂತೇ ಇತ್ತಲೆ, ಕೂಕಣುಕೆ ಹೇಳಿ ಅದ್ಕೆ,” ಎಂದು ವ್ಯಾನಿನ ಡ್ರೈವರಿಗೆ ಗದರಿದ್ದಳು. ನಾವು ಮಕ್ಕಳು ನಗುತ್ತಿದ್ದೆವು. ಓದು ಬಂದಿತ್ತಲ್ಲ, ನಗಲು ಅಷ್ಟು ಸಾಕು.

ಈಗ ಭಾಗ್ಯಳ ವಿಷಯಕ್ಕೆ ಬರಬೇಕು. ಭಾಗ್ಯಾ ನಮ್ಮ ಮೇಲಿನ ಮಾಳಿಗೆಯ ಶರಣಪ್ಪನವರ ಮಗಳು. ಶರಣಪ್ಪ ಕಲಬುರಗಿ ಕಡೆಯಿಂದ ಬಂದು ವಾಗ್ಳೆ ಎಸ್ಟೇಟಿನಲ್ಲಿ ಮೂಟೆ ಹೊತ್ತು, ಈಗ ಅಲ್ಲಿನ ಗೋದಾಮಿನಲ್ಲಿ ಸೂಪರ್‌ವೈಜರ್ ಆಗಿದ್ದಾರೆ. ಮಗಳು ಹುಟ್ಟಿದ್ದು ಇಲ್ಲೇ. ನಾವು ಆಡುವ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಕಾಲೇಜಿನಲ್ಲಿ ಸಿನಿಮಾ ಮಾಡುವುದನ್ನು ಕಲಿತು, ಕಲ್ಯಾಣದ ಒಂದು ಸ್ಟುಡಿಯೋದಲ್ಲಿ ಮದುವೆಯ ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತಿದ್ದಳು. ಮದುಮಗಳು ಅಳದಿದ್ದರೂ ಅತ್ತಂತೆ ಕಾಣಿಸುವ ವಿದ್ಯೆ ತನಗೆ ಬರುತ್ತದೆ ಎಂದು ನನಗೆ ಒಮ್ಮೆ ಹೇಳಿದ್ದಳು. ಬಿಡುವಿನ ದಿನಗಳಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಮುಂಬ್ರಾಕ್ಕೆ ಓಡುತ್ತಿದ್ದಳು, ಬಸಣ್ಣ ಮುತ್ಯಾನ ಹಿಂದೆ. ಮುತ್ಯಾ ಅಂದರೆ ಅವರ ಕಡೆ ಅಜ್ಜ.

ಬಸಣ್ಣ ಮುತ್ಯಾ ಗಾರೆ ಕೆಲಸಕ್ಕೆಂದು ಬಂದು ಮುಂಬ್ರಾದ ಗುಡ್ಡದ ಬುಡದಲ್ಲಿ ಮುದುಕನಾದವನು. ಅವನ ಹೆಚ್ಚುಗಾರಿಕೆ ಬೇರೆಯೇ ಇತ್ತು. ಅವರ ಕಡೆ ಸತ್ತವರ ಮುಂದೆ ಕೂತು ತತ್ವಪದ ಹಾಡಿ ಕಳಿಸಿಕೊಡುವ ರೂಢಿಯಿದೆ. ಊರಲ್ಲಾದರೆ ಭಜನೆಯ ಮೇಳ ಇರುತ್ತದೆ, ಇಲ್ಲಿ ಯಾರಿದ್ದಾರೆ? ಹಾಗಾಗಿ ಕಲ್ವಾದಿಂದ ಕಲ್ಯಾಣದವರೆಗೆ ಯಾವ ಕನ್ನಡ ಕೂಲಿಯವನು ಸತ್ತರೂ ಮುತ್ಯಾನಿಗೆ ಫೋನು ಹೋಗುತ್ತಿತ್ತು. ಅವನು ದಮ್ಮಡಿಯೆಂಬ ಕೈವಾದ್ಯವನ್ನು ಚೀಲದಲ್ಲಿಟ್ಟುಕೊಂಡು ಲೋಕಲ್ ಹತ್ತಿ ಬಂದು, ಹಾಡಿ, ಒಂದು ಲೋಟ ನೀರನ್ನೂ ಕುಡಿಯದೆ ಹೋಗುತ್ತಿದ್ದ. ಗುರುತಿಲ್ಲದವರಿಗೂ ಹಾಡುತ್ತಿದ್ದ. ಇಷ್ಟಾಗಿಯೂ ಆಸಾಮಿ ಮಹಾ ತಮಾಷೆಗಾರ.

ಚಿತ್ರ ಮುಗಿಯಿತು, ಆದರೆ ಭಾಗ್ಯಳ ಧೈರ್ಯವೂ ಮುಗಿಯುತ್ತ ಬಂದಿತ್ತು. ಎಲ್ಲೆಲ್ಲಿಗೋ ಕಳಿಸಿದಳು, ಯಾರೂ ಏನೂ ಹೇಳಲಿಲ್ಲ. ಅತ್ತ ಸ್ಟುಡಿಯೋದವನು ಪೂರ್ಣಾವಧಿ ಕೆಲಸ ಕೊಡುತ್ತೇನೆ, ಆದರೆ ಬೇರೆ ಹುಚ್ಚಾಟ ನಡೆಯುವುದಿಲ್ಲ, ಸೋಮವಾರ ಉತ್ತರ ಹೇಳು ಎಂದಿದ್ದ. ಮೆಟ್ಟಿಲ ಮೇಲೆ ಸಿಕ್ಕಾಗ ಅವಳು ನನ್ನೊಡನೆ ಮರಾಠಿಯಲ್ಲಿ ಹೇಳಿದ್ದಿಷ್ಟು: ಭಾನುವಾರ ಸಂಘದಲ್ಲಿ ತೋರಿಸುತ್ತೇನೆ, ಮುತ್ಯಾನ ಸ್ವಂತ ಜನ ಬರುತ್ತಾರೆ. ಅವರಿಗೂ ಇಷ್ಟವಾಗದಿದ್ದರೆ ಕ್ಯಾಮೆರಾ ಮಾರಿ ಮದುವೆ ವಿಡಿಯೋ ಮಾಡಿಕೊಂಡಿರುತ್ತೇನೆ. ಹುಡುಗಿ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಆ ಭಾನುವಾರ ಹಾಲು ಕಿಕ್ಕಿರಿದಿತ್ತು. ಮುಂಬ್ರಾದಿಂದ ಮುತ್ಯಾನ ಪೈಕಿಯವರು ಗುಂಪಾಗಿ ಬಂದಿದ್ದರು. ನಮ್ಮನೆಯವರು ಎಂದಿಗಿಂತ ಎರಡು ಪಟ್ಟು ಹಿಟ್ಟು ಕಲಸಿದ್ದರು. ಚಿತ್ರ ಶುರುವಾಯಿತು. ಮುತ್ಯಾ ದಿವಾ ಸ್ಟೇಷನ್ನಿನ ಗದ್ದಲದಲ್ಲಿ ಟ್ರೇನು ಹತ್ತಲಾಗದೆ, “ಸಾಯೂಕ್ಕಿಂತ ಈ ಗಾಡಿ ಹತ್ತೂದೇ ತ್ರಾಸ ಅದ ನೋಡವ್ವಾ,” ಎಂದಾಗ ಹಾಲಿಗೆ ಹಾಲೇ ನಕ್ಕಿತು. ಒಬ್ಬ, “ಆ ಡಬ್ಬಿ ಬ್ಯಾಡೋ ಮುತ್ಯಾ, ಹಿಂದಿಂದು ಹತ್ತೋ!” ಎಂದು ಕೂಗಿ ಹೇಳಿದ. ಅಮ್ಮಮ್ಮ ಇದ್ದಿದ್ದರೆ ಅವನ ಪಕ್ಕದಲ್ಲೇ ಕೂರುತ್ತಿದ್ದಳು.

ಆಮೇಲೆ ಮುತ್ಯಾ ಕಾಯಿಲೆ ಬಿದ್ದು ಮಲಗಿದ. ಮಲಗಿದಲ್ಲಿಂದಲೇ ಕ್ಯಾಮೆರಾದ ಕಡೆ ತಿರುಗಿ, “ನಾ ಎಲ್ಲಾರಿಗೂ ಹಾಡಿ ಕಳಸೀನಿ. ನಂಗ ಯಾರ್ ಹಾಡವ್ರು ಅದೀರಿ ಹೇಳ್ರಲೇ?” ಎಂದು ಕೇಳಿದ. ಯಾರಿಗೂ ಹಾಡು ಬರುತ್ತಿರಲಿಲ್ಲ. ಮುಂದಿನ ದೃಶ್ಯದಲ್ಲಿ ಮುತ್ಯಾ ಹೂವಿನ ಹಾರ ಹಾಕಿಕೊಂಡು ಗೋಡೆಗೊರಗಿ ಕೂತಿದ್ದ. ಹೋಗಿಬಿಟ್ಟಿದ್ದ. ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಯಾರೋ ಒಂದು ಮೊಬೈಲನ್ನು ಅವನ ಮುಂದಿನ ತಟ್ಟೆಯಲ್ಲಿಟ್ಟರು. ಭಾಗ್ಯಾ ಹಿಂದೆಂದೋ ಹಿಡಿದಿಟ್ಟಿದ್ದ ಹಾಡು ಅದರಲ್ಲಿ ಶುರುವಾಯಿತು. ದಮ್ಮಡಿಯ ಸದ್ದು, ಮುತ್ಯಾನದೇ ದನಿ. ತನ್ನನ್ನು ತಾನೇ ಹಾಡಿ ಕಳಿಸಿಕೊಂಡ. ನನ್ನ ಚಾದರದ ಹಳದಿ ಕಲೆ ಆ ಹಾರದ ನಡುವೆ ಸರಿಯಾಗಿ ಕೂತು ಒಂದು ಚೆಂಡುಹೂವಾಯಿತು. ನನಗೆ ಕಣ್ಣೀರು ತಡೆಯಲಾಗಲಿಲ್ಲ, ಪಕ್ಕದವರ ಸ್ಥಿತಿಯೂ ಅದೇ.

ಲೈಟು ಹತ್ತಿತು. ಭಾಗ್ಯಾ ಬಾಗಿಲ ಬಳಿ ಕೈ ಕಟ್ಟಿಕೊಂಡು ನಿಂತಿದ್ದಳು, ಯಾರಾದರೂ ಏನಾದರೂ ಹೇಳಲೆಂದು. ಜನ ಎದ್ದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರೂ ಮಾತಾಡಲಿಲ್ಲ. ತಲೆ ತಗ್ಗಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಅವಳ ಮುಖ ಸಹ ನೋಡದೆ ಸಾಲಾಗಿ ಹೊರಗೆ ಹೋದರು. ಯಾವ ಸಭೆಯಲ್ಲೂ ಮೈಕು ಬಿಡದ ಅಧ್ಯಕ್ಷರೂ ಹೋದರು. ಶರಣಪ್ಪ ಹೋದರು. ಗೋಳಿಬಜೆಯ ಪರಾತಕ್ಕೆ ಕೈ ಹಾಕಿದವರಿಲ್ಲ, ಚಹಾ ಹಾಗೇ ಆರಿತು. ಸಂಘದ ಇತಿಹಾಸದಲ್ಲಿ ಗೋಳಿಬಜೆ ಉಳಿದದ್ದು ಅದೇ ಮೊದಲು. ಇನ್ನೂ ವಿಚಿತ್ರವೆಂದರೆ ನಾನೂ ಹಾಗೇ ಹೋದೆ. ಹುಡುಗಿಯ ಭುಜ ತಟ್ಟಬೇಕು ಎಂದು ಮನಸ್ಸು ಹೇಳುತ್ತಿತ್ತು, ಕಾಲು ಮಾತ್ರ ಅದರ ಮಾತು ಕೇಳದೆ ಮನೆಯ ದಾರಿ ಹಿಡಿದಿತ್ತು.

ಮನೆಗೆ ಬಂದರೆ ನಮ್ಮನೆಯವರು ಏನನ್ನೂ ಮುಟ್ಟದೆ ನೇರ ಬಾತ್‌ರೂಮಿಗೆ ಹೋದರು. ನಾನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ, ಸೋಫಾಕ್ಕೆ ಸೆರಗು ತಾಗದಂತೆ ಕೂತು ನನ್ನ ಸರದಿ ಕಾದೆ. ಇದೆಲ್ಲ ಎಷ್ಟು ಸಹಜವಾಗಿ ನಡೆಯಿತೆಂದರೆ, ಯಾಕೆ ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ಅವರು ಹೊರಬಂದರು, ನಾನು ಒಳಹೋದೆ. ತಲೆಗೆ ನೀರು ಹೊಯ್ದುಕೊಂಡು ಮುಖಕ್ಕೆ ಸಾಬೂನು ಹಚ್ಚಿದ್ದೇ ತಡ, ನಲ್ಲಿ ಗೊರಗೊರ ಎಂದು ನಿಂತುಹೋಯಿತು.

ಕೆಳಗಿನಿಂದ ವಾಚ್‌ಮನ್ ಕೂಗುತ್ತಿದ್ದ: “ಅರೇ ಟಾಂಕಿ ಖಾಲಿ ಹೋ ಗಯಾ! ಆಜ್ ಕೌನ್ಸಾ ತ್ಯೋಹಾರ್ ಹೈ? ಸಬ್ ಲೋಗ್ ಶಾಮ್ ಕೋ ಕಾಯ್ಕೂ ನಹಾ ರಹೇ ಹೈಂ?”

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಇವತ್ತು ಯಾವ ಹಬ್ಬ? ಎಲ್ಲರೂ ಸಂಜೆ ಹೊತ್ತಿನಲ್ಲಿ ಯಾಕೆ ಸ್ನಾನ ಮಾಡುತ್ತಿದ್ದಾರೆ? ನಮ್ಮ ಸೊಸೈಟಿಯಲ್ಲಿ ಅರ್ಧಕ್ಕರ್ಧ ಕನ್ನಡದವರು, ಅರ್ಧಕ್ಕರ್ಧ ಮನೆಗಳಲ್ಲಿ ಏಕಕಾಲಕ್ಕೆ ಸ್ನಾನ. ಸಾಬೂನು ಮುಖದಲ್ಲಿ ಕಣ್ಣು ಮುಚ್ಚಿಕೊಂಡು ನಿಂತಾಗ ನನಗೆ ಅಮ್ಮಮ್ಮ ಕಂಡಳು. ಅದೇ ವ್ಯಾನಿನವರು ಒಂದು ಸಲ ಯಾರೋ ದೊಡ್ಡ ನಾಯಕರ ಅಂತಿಮಯಾತ್ರೆಯ ಚಿತ್ರ ತೋರಿಸಿದ್ದರು. ಮುಗಿದ ಮೇಲೆ ಅಮ್ಮಮ್ಮ ಯಾರಿಗೂ ಬರ್ತೇನೆ ಎನ್ನದೆ ಎದ್ದು ಹೊರಟಳು. ಮನೆಯ ಒಳಗೆ ಕಾಲಿಡದೆ ಬಾವಿಕಟ್ಟೆಗೆ ಹೋಗಿ, ಎರಡು ಕೊಡ ನೀರು ತಲೆಗೆ ಸುರಿದುಕೊಂಡು, ನಮಗೂ ಸುರಿದಳು. ಚಳಿಗೆ ನಡುಗುತ್ತ ನಾನು ಅತ್ತೆ. ಅಮ್ಮಮ್ಮ ಹೇಳಿದ್ದು ಒಂದೇ ಮಾತು: “ಸತ್ತವ್ರನ್ನ ಕಂಡ್ಕಂಡ್ ಬಂದ್ ಹಾಂಗೇ ಒಳ್ಗೆ ಹೋಪುದಾ?”

ನಿಮಗೂ ಗೊತ್ತಿರುತ್ತದೆ. ಸಾವಿನ ಮನೆಯಲ್ಲಿ ನೀರು ಕೇಳಬಾರದು, ತಿನ್ನಬಾರದು. ಹೊರಡುವಾಗ ‘ಬರ್ತೇನೆ’ ಎನ್ನಬಾರದು, ಅಂದರೆ ಇಂಥದೇ ಕಾರಣಕ್ಕೆ ಮತ್ತೆ ಬರುತ್ತೇನೆ ಎಂದು ಹಾರೈಸಿದಂತೆ. ಸುಮ್ಮನೆ ಎದ್ದು ಹೋಗಬೇಕು, ಹೋಗಿ ಸ್ನಾನ ಮಾಡಬೇಕು. ನಾವೆಲ್ಲ ಮಾಡಿದ್ದು ಅದನ್ನೇ. ಒಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡು ಮಾಡಿದ್ದಲ್ಲ. ಸಿನಿಮಾ ನೋಡಿ ಬಂದದ್ದೆಂದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಕುಡಿಯುವ ನೀರಿನ ಕೊಡದಿಂದಲೇ ಮುಖ ತೊಳೆದುಕೊಂಡು, ಒದ್ದೆ ತಲೆಗೆ ಟವೆಲು ಸುತ್ತಿ ಮೇಲಿನ ಮಾಳಿಗೆಗೆ ಓಡಿದೆ. ಭಾಗ್ಯಾ ಮೂಲೆಯಲ್ಲಿ ಕೂತಿದ್ದಳು, ಕಣ್ಣು ಕೆಂಪಾಗಿತ್ತು.

“ಕಾಕು, ಕೋಣೀ ಕಾಹೀಚ್ ಬೋಲ್ಲಂ ನಾಹೀ,” ಎಂದಳು. ಯಾರೂ ಏನೂ ಅನ್ನಲಿಲ್ಲ. ಮತ್ತೆ, “ಏಕ್ ಭಜೀ ಸುದ್ಧಾ ಕೋಣೀ ಖಾಲ್ಲೀ ನಾಹೀ.” ಒಂದು ಬಜೆಯನ್ನೂ ತಿನ್ನಲಿಲ್ಲ ಎಂಬುದೇ ಅವಳಿಗೆ ಹೆಚ್ಚು ನೋವು ತಂದಂತಿತ್ತು.

ಅಷ್ಟರಲ್ಲಿ ಶರಣಪ್ಪ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರು.

“ನಿಮ್ಮ ತಲೆ ಯಾಕೆ ಒದ್ದೆ, ಶರಣಪ್ಪನವರೇ?” ಎಂದು ಕೇಳಿದೆ.

“ಜಳಕಾ ಮಾಡೀನ್ರಿ, ಅಕ್ಕಾರ. ಮಣ್ಣಿಗಿ ಹೋಗಿ ಬಂದು ಹಂಗೇ ಮನ್ಯಾಗ ತಿರಗ್ಯಾಡ್ತಾರೇನ್ರಿ?”

“ಯಾರ ಮಣ್ಣಿಗೆ ಹೋಗಿದ್ದಿರಿ?”

“ಯಾರದಂದ್ರ? ನಮ್ಮ ಬಸಣ್ಣ ಮುತ್ಯಾಂದು!” ಎಂದವರು ಹಾಗೇ ನಿಂತರು. ಮುತ್ಯಾ ತೀರಿಕೊಂಡು ಆಗಲೇ ವರ್ಷದ ಮೇಲಾಗಿತ್ತು. ಅವರಿಗೂ ಆಗ ಹೊಳೆದಿರಬೇಕು. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಮಗಳ ಎದುರು ಕೂತರು.

“ಅಂವ ಹೋದ ದಿನ ನಂಗ ಸೂಟಿ ಸಿಗಲಿಲ್ಲವ್ವಾ. ಗೋದಾಮಿಗಿ ಟ್ರಕ್ ಬಂದು ನಿಂತಿದ್ದೂ. ಭಾಳ ಮಂದಿಗಿ ಹಂಗೇ ಆಗ್ಯಾದ, ದುಡಿಯೋ ಮಂದಿ, ಯಾರಿಗಿ ಪುರಸೊತ್ತದ? ನಮ್ಮಪ್ಪ ಸತ್ತಾಗ ಅಂವ ಬಂದು ಹಾಡಿದ್ದ. ನಾ ಅಂವನ ಮಣ್ಣಿಗಿ ಹೋಗ್ಲಿಲ್ಲ ಅಂತ ಎದಿ ಮ್ಯಾಲ ಕಲ್ಲಿತ್ತು. ಇವತ್ತ ಹೋಗಿ ಬಂದಂಗಾತು.”

ಭಾಗ್ಯಾ ಅಪ್ಪನನ್ನೇ ನೋಡಿದಳು. ಮತ್ತೆ ನನ್ನ ಟವೆಲನ್ನು ನೋಡಿದಳು. ನಾನು ಅವಳಿಗೆ ಬರ್ತೇನೆ ಎನ್ನದಿರುವ ಕತೆ, ಅಮ್ಮಮ್ಮನ ಬಾವಿಕಟ್ಟೆಯ ಕತೆ ಎಲ್ಲ ಹೇಳಿದೆ. ಕೊನೆಗೆ ಅವಳು ಮೂಗು ಒರೆಸಿಕೊಳ್ಳುತ್ತ ಕೇಳಿದಳು, “ಮ್ಹಣಜೇ, ಪಿಕ್ಚರ್ ಆವಡ್ಲಾ?” ಅಂದರೆ, ಚಿತ್ರ ಇಷ್ಟವಾಯಿತೇ?

“ಇಷ್ಟ ಆಯ್ತಾ ಅಂತ ಕೇಳ್ತೀಯಲ್ಲ ಹುಡುಗಿ! ಸೊಸೈಟಿಯ ಟಾಂಕಿ ಖಾಲಿ ಮಾಡಿಸಿದ್ದೀ!” ಎಂದೆ.

ಆಗ ನಕ್ಕಳು ನೋಡಿ. ಅಳುತ್ತಲೇ ನಕ್ಕಳು. ಅವಳ ಅಮ್ಮ ಚಹಾ ತಂದರು. ಸ್ನಾನ ಆಗಿತ್ತಲ್ಲ, ಈಗ ಕುಡಿಯಬಹುದಿತ್ತು. ನಮ್ಮನೆಯವರ ಗೋಳಿಬಜೆಯನ್ನು ಸಾವಿನ ಮನೆಯ ತಿಂಡಿಯೆಂದು ನಾವ್ಯಾರೂ ಮನೆಗೆ ತರಲಿಲ್ಲ. ಅದನ್ನು ವಾಚ್‌ಮನ್ನಿಗೂ ಅವನ ಗೆಳೆಯರಿಗೂ ಕೊಟ್ಟೆವು. ಆ ತ್ಯೋಹಾರ್ ಯಾವುದೆಂದು ಅವನು ಮತ್ತೆ ಕೇಳಲಿಲ್ಲ.

ಸೋಮವಾರ ಭಾಗ್ಯಾ ಸ್ಟುಡಿಯೋಕ್ಕೆ ಹೋಗಿ, ಮದುವೆ ಸೀಸನ್ನಿನಲ್ಲಿ ಮಾತ್ರ ಬರುತ್ತೇನೆ ಎಂದು ಹೇಳಿ ಬಂದಳು. ಅವನು ಗೊಣಗಿದನಂತೆ, ಆದರೆ ಅಳದ ಮದುಮಗಳನ್ನು ಅಳಿಸುವ ವಿದ್ಯೆ ಬೇರೆ ಯಾರಿಗಿದೆ? ಒಪ್ಪಿಕೊಂಡ.

ಗಣಪತಿ ಹಬ್ಬ ಕಳೆದ ಮೇಲೆ ಅವಳ ಎರಡನೆಯ ಚಿತ್ರ ತಯಾರಾಯಿತು. ಪ್ರದರ್ಶನದ ಹಿಂದಿನ ದಿನ ನಮ್ಮನೆಯವರು ಅವಳನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದರು. ಹಿಟ್ಟು ಕಲಸುವ ಮೊದಲು ಅವರಿಗೆ ಖಾತ್ರಿ ಬೇಕಿತ್ತು.

“ಈ ಸಲಿ ಯಾರಾರು ಸಾಯ್ತ್ರಾ?”

“ಕಾಕಾ, ಕೋಣೀ ಮರತ್ ನಾಹೀ.”

“ಗ್ಯಾರಂಟಿಯಾ?”

“ಗ್ಯಾರಂಟೀ!”

ಎರಡು ಪಟ್ಟು ಹಿಟ್ಟು ಬಿತ್ತು.

ಚಿತ್ರ ಕಸ್ತೂರವ್ವನ ಮೇಲೆ. ನವಿ ಮುಂಬೈಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ಹೆಂಗಸು, ಮುತ್ಯಾನ ನೆರೆಮನೆಯವಳು. ಮುತ್ಯಾನ ಹಾಡುಗಳನ್ನು ಮೊಬೈಲಿನಿಂದ ಕೇಳಿ ಕೇಳಿ ಕಲಿತು, ಈಗ ಎಲ್ಲಿ ಸಾವಾದರೂ ತಾನೇ ಹೋಗಿ ಹಾಡುತ್ತಾಳೆ. ಹೆಂಗಸರು ಹಾಡಬಾರದು ಎಂದವರಿಗೆ ಅವಳು ಕೊಟ್ಟ ಉತ್ತರ ಚಿತ್ರದಲ್ಲಿದೆ: “ಹಂಗಾರ ನೀವ್ ಹಾಡ್ರಿ, ನಾ ಕೇಳ್ತೀನಿ.” ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಅಭ್ಯಾಸ ಮಾಡುತ್ತಾಳೆ. ಮೊದಲು ಪಕ್ಕದವರು ಎದ್ದು ಹೋಗುತ್ತಿದ್ದರಂತೆ, ಈಗ ಇಳಿಯುವ ಸ್ಟೇಷನ್ನು ಬಂದರೂ ಏಳಲು ಮನಸ್ಸು ಮಾಡುವುದಿಲ್ಲವಂತೆ. ಕಸ್ತೂರವ್ವ ಸ್ವತಃ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪರದೆಯ ಮೇಲೆ ತನ್ನ ಕೆನ್ನೆಯ ಮೇಲೆ ಹಳದಿ ಕಲೆ ಬಂದಾಗ, “ಯವ್ವಾ, ನಂಗ ಅರಶಿಣ ಹಚ್ಯಾರ್ ನೋಡ್ರಿ,” ಎಂದು ನಕ್ಕಳು. ಅಧ್ಯಕ್ಷರು ಅಲ್ಲೇ ಎದ್ದು, ಹೊಸ ಪರದೆಯ ವಿಷಯವನ್ನು ಕಾಯಂ ಆಗಿ ಕೈಬಿಡಲಾಗಿದೆ ಎಂದು ಘೋಷಿಸಿದರು. ಈಗ ಗೊತ್ತಾಯಿತಲ್ಲ, ನಾನು ಆ ಕಲೆಯನ್ನು ಯಾಕೆ ಉಜ್ಜುವುದಿಲ್ಲವೆಂದು.

ಲೈಟು ಹತ್ತಿದಾಗ ಒಂದು ಗಳಿಗೆ ಎಲ್ಲರೂ ತಬ್ಬಿಬ್ಬಾದರು. ಚಿತ್ರದ ಉದ್ದಕ್ಕೂ ಸಾವಿನ ಮನೆಗಳಿದ್ದವು, ಮುತ್ಯಾನ ದನಿಯೂ ಇತ್ತು. ಆದರೆ ಚಿತ್ರದ ಒಡತಿ ಮುಂದಿನ ಸಾಲಿನಲ್ಲಿ ಜೀವಂತ ಕೂತಿದ್ದಾಳೆ. ಇದು ಸಾವಿನ ಮನೆಯೋ, ಶುಭಕಾರ್ಯದ ಮನೆಯೋ? ಒಬ್ಬರೂ ಕದಲಲಿಲ್ಲ. ಭಾಗ್ಯಾ ಈ ಸಲವೂ ಬಾಗಿಲ ಬಳಿಯೇ ನಿಂತಿದ್ದಳು. ಆಗ ಕಸ್ತೂರವ್ವನೇ ಎದ್ದು, ಪರಾತದಿಂದ ಒಂದು ಗೋಳಿಬಜೆ ತೆಗೆದು ಬಾಯಿಗೆ ಹಾಕಿಕೊಂಡು, ಇನ್ನೆರಡು ಸ್ಟೀಲು ಡಬ್ಬಿಗೆ ಹಾಕಿಕೊಂಡು, ಬಾಗಿಲಿಗೆ ಹೋಗಿ ಹುಡುಗಿಯ ಗಲ್ಲ ಹಿಡಿದು, “ಬರ್ತೀನವ್ವಾ,” ಎಂದಳು.

ಅಷ್ಟೇ ಸಾಕಾಯಿತು. ಜನ ಪರಾತದ ಮೇಲೆ ಮುಗಿಬಿದ್ದರು. ಆಮೇಲೆ ಬಾಗಿಲಲ್ಲಿ ಸಾಲು ಹತ್ತಿತು. ಒಬ್ಬೊಬ್ಬರೂ ನಿಂತು ಹೇಳಿಯೇ ಹೋಗಬೇಕು. “ಬರ್ತೆ ಆಯ್ತಾ,” “ಬರ್ತೀನಿ ತಂಗಿ,” “ಬರ್ತೇವೆ ಅಮ್ಮಾ,” “ಯೇತೋ ಗಂ.” ಹೇಳಿ ಹೊರಗೆ ಹೋದವರಲ್ಲಿ ಕೆಲವರು ಹೇಳಿದ್ದೇವೋ ಇಲ್ಲವೋ ಎಂದು ಅನುಮಾನಿಸಿ ಮತ್ತೆ ಬಂದು ಹೇಳಿದರು. ಹೋದ ಸಲ ಬಾಕಿ ಉಳಿದದ್ದೂ ಸೇರಿ ಎಲ್ಲರೂ ಎರಡೆರಡು ಸಲ ಹೇಳಿದಂತಿತ್ತು. ಶರಣಪ್ಪನವರಂತೂ ಒಂದೇ ಮನೆಗೆ ಹೋಗಬೇಕಾದ ಮಗಳಿಗೆ ಗಂಭೀರವಾಗಿ, “ಬರ್ತೀನವ್ವಾ,” ಎಂದು ಹೇಳಿ ಹೋದರು. ಭಾಗ್ಯಾ ಎಲ್ಲರಿಗೂ ತಲೆಯಾಡಿಸುತ್ತ ಕೈ ಮುಗಿಯುತ್ತಿದ್ದಳು.

ಕೊನೆಯಲ್ಲಿ ನಾನಿದ್ದೆ. ಹೋದ ಸಲ ತಟ್ಟದೆ ಹೋದ ಭುಜವನ್ನು ಈ ಸಲ ತಟ್ಟಿ, “ಬರ್ತೇನೆ ಮಗಾ,” ಎಂದೆ.

ಅವಳ ಬಾಯಿ ತೆರೆಯಿತು, ನಾನು ಎಂದಿನಂತೆ ಮರಾಠಿಯನ್ನು ನಿರೀಕ್ಷಿಸಿದೆ. “ಹೋಗಿ ಬರ್ರಿ, ಕಾಕು,” ಎಂದಳು. ಅಪ್ಪನ ಕನ್ನಡ, ಕಲಬುರಗಿಯ ಕನ್ನಡ. ಅವಳು ಹುಟ್ಟಿದಾಗಿನಿಂದ ಕಂಡವಳು ನಾನು, ಅವಳ ಬಾಯಲ್ಲಿ ನಮ್ಮ ಮಾತು ಕೇಳಿದ್ದು ಅದೇ ಮೊದಲು. ನಾನು ಸರಸರ ಮೆಟ್ಟಿಲಿಳಿದೆ. ಗಲ್ಲಿಯ ತಿರುವಿಗೆ ಬಂದಾಗ ಕೈ ಖಾಲಿ ಇರುವುದು ಗೊತ್ತಾಗಿ ಮತ್ತೆ ಅಷ್ಟೂ ಮೆಟ್ಟಿಲು ಹತ್ತಿದೆ. ಅವಳು ಇನ್ನೂ ಬಾಗಿಲಲ್ಲೇ ನಿಂತಿದ್ದಳು.

“ಬರ್ತೇನೆ ಅಂದಿದ್ದೆನಲ್ಲ, ಬಂದೆ,” ಎಂದೆ. “ಚಾದರ ಬಿಚ್ಚಿಕೊಡು.”